ಮತೇಲಿಕಾದ ತಾಮ್ರ: ಗಲ್ಲದ ಕೆಳಗಿನ ಗುಳಿ

ಹತ್ತಿಯ ತುದಿಗೆ ಕಂದು ಬಣ್ಣ ಹತ್ತಿಕೊಂಡಿತು.

"ನೋಡಿದ್ರಾ?" ಚಂದ್ರಮೋಹನ್ ಅದನ್ನು ಪದ್ಮಿನಿಯ ಮೂಗಿನ ಹತ್ತಿರಕ್ಕೇ ಹಿಡಿದರು. "ಇನ್ನೂರು ವರ್ಷದ ಕಿಲುಬು ಅಸಿಟೋನ್ ಮುಟ್ಟಿದ ತಕ್ಷಣ ಬಿಡಲ್ಲಮ್ಮ. ಇದು ಬಣ್ಣ. ಯಾರೋ ಬಳಿದಿರೋದು."

"ಇದನ್ನ ಹೋದ ಸಲಾನೂ ಹೇಳಿದ್ರಿ ಸರ್. ನಕಲಿ ಅಂತ ನನಗೂ ಗೊತ್ತು. ಅಸಲಿ ನಾಣ್ಯ ಯಾವಾಗ ಹೋಯ್ತು, ಅದು ಹೇಳಿ."

"ಅದನ್ನ ಹೇಳೋಕೆ ಇದಕ್ಕೆ ಬಾಯಿಲ್ಲ."

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಚಂದ್ರಮೋಹನ್ ಅವರ ಗರಾಜು. ಕಾರಿಗೆ ಅಲ್ಲಿ ಜಾಗ ಸಿಕ್ಕಿದ್ದೇ ಇಲ್ಲ. ಲೋಹಶಾಸ್ತ್ರದ ಎಂಜಿನಿಯರಾಗಿ ನಿವೃತ್ತರಾದ ಮೇಲೆ ಅವರು ಅದನ್ನು ನಾಣ್ಯಗಳಿಗೇ ಬಿಟ್ಟುಕೊಟ್ಟಿದ್ದರು. ಪಕ್ಕದ ಹೋಟೆಲಿನಿಂದ ಒಗ್ಗರಣೆಯ ಘಾಟು ಒಳಗೆ ಬಂದು ಅಸಿಟೋನಿನ ವಾಸನೆಯ ಜೊತೆ ಸೇರಿ ತಲೆ ಸಿಡಿಯುತ್ತಿತ್ತು.

ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಕ್ಲೇಮುಗಳನ್ನು ಹುಡುಕಿಕೊಟ್ಟೇ ಪದ್ಮಿನಿ ತಲೆಗೂದಲು ಬೆಳ್ಳಗಾಗಿಸಿಕೊಂಡವಳು. ಸುಟ್ಟ ಅಂಗಡಿ, ಮುಳುಗಿಸಿದ ಬೋಟು, ತಾವೇ ಕದ್ದ ಸ್ವಂತ ಕಾರು, ಎಲ್ಲ ಅವಳಿಗೆ ಅರ್ಥವಾಗುತ್ತಿದ್ದವು. ಈ ತಾಮ್ರದ ಬಿಲ್ಲೆ ಮಾತ್ರ ಅರ್ಥವಾಗಲು ಒಪ್ಪುತ್ತಿರಲಿಲ್ಲ.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಡಾಕ್ಟರ್ ಶ್ರೀಕಂಠಯ್ಯನವರ ನಾಣ್ಯ ಸಂಗ್ರಹ ಸಿಡ್ನಿಯ ಪ್ರದರ್ಶನಕ್ಕೆ ಬಂದಾಗ ಅದರಲ್ಲಿ ಒಂದು ನಕಲಿ ಎಂದು ಚಂದ್ರಮೋಹನ್ ಎಲ್ಲರೆದುರು ಹೇಳಿಬಿಟ್ಟಿದ್ದರು. ಅಂದಿನಿಂದ ನಾಣ್ಯಗಳ ಟ್ರೇ ಹೊತ್ತು ತಂದಿದ್ದ ಅಪೂರ್ವ ಎಂಬ ಹುಡುಗಿ ಕಳ್ಳಿ ಎನಿಸಿಕೊಂಡಿದ್ದಳು.

ಪದ್ಮಿನಿಯನ್ನು ನೇಮಿಸಿದ್ದು ಡಾಕ್ಟರೇ. "ಆ ಹುಡುಗಿ ಎಲ್ಲಿಟ್ಟಿದ್ದಾಳೆ ಹುಡುಕಿ ಕೊಡಿ" ಎಂದಿದ್ದರು. ಯಾರು ತೆಗೆದರು ಎಂದು ಹುಡುಕಿ ಎಂದಿರಲಿಲ್ಲ.

"ತೂಕ?" ಎಂದಳು ಪದ್ಮಿನಿ.

"ತೂಕದಿಂದ ಏನೂ ಗೊತ್ತಾಗಲ್ಲ. ಇದು ಯಾವ ಕಾಲದ್ದು ಗೊತ್ತಲ್ಲ? ರೋಮಿನ ಸುತ್ತಲಿನ ಸೀಮೆಯನ್ನೆಲ್ಲ ಪೋಪ್ ರಾಜನ ಥರ ಆಳ್ತಿದ್ದ ಕಾಲ. ನೆಪೋಲಿಯನ್ ಸೈನ್ಯ ಬಂದು ಕೂತಿದೆ. ಬೆಳ್ಳಿಯೆಲ್ಲ ಫ್ರೆಂಚರಿಗೆ ಕಪ್ಪ ಕಟ್ಟೋಕೇ ಹೋಯ್ತು. ಪೇಟೆಯಲ್ಲಿ ಚಿಲ್ಲರೆ ಇಲ್ಲ. ಅದಕ್ಕೆ ಸಣ್ಣ ಸಣ್ಣ ಊರಿನವರೂ ತಾಮ್ರ ಕರಗಿಸಿ ನಾಣ್ಯ ಒತ್ತೋಕೆ ಶುರು ಮಾಡಿದ್ರು. ಒಂದು ದಪ್ಪ, ಇನ್ನೊಂದು ತೆಳು. ಒಂದೇ ಊರಿಂದು ಕೂಡ ಒಂದರ ಹಾಗೆ ಇನ್ನೊಂದಿಲ್ಲ."

ಅವರು ನಾಣ್ಯವನ್ನು ಮಗುಚಿದರು. ಒಂದು ಮುಖದಲ್ಲಿ ಮುಸುಕು ಹೊದ್ದ ಮೇರಿ ಮಾತೆ, ತಲೆಯ ಸುತ್ತ ನಕ್ಷತ್ರ. ಹಾಗಾಗಿಯೇ ಇದಕ್ಕೆ ಮದೊನ್ನೀನಾ ಎಂದು ಹೆಸರು, ಪುಟ್ಟ ಮಾತೆ. ಇನ್ನೊಂದು ಮುಖದಲ್ಲಿ ನಡುವೆ ಅದರ ಬೆಲೆ, ಐದು ಬಯೋಕ್ಕಿ. ಕೆಳಗೆ ಊರಿನ ಹೆಸರು, ಮತೇಲಿಕಾ. ಅಂಚಿನಲ್ಲಿ ಆರನೇ ಪಿಯುಸ್ ಪೋಪನ ಹೆಸರು, ಆಳ್ವಿಕೆಯ ಇಪ್ಪತ್ಮೂರನೇ ವರ್ಷ.

"ಉಳಿದ ಊರಿಂದೆಲ್ಲ ಹುಡುಕಿದ್ರೆ ಸಿಗುತ್ತೆ. ಮತೇಲಿಕಾದ್ದು ಸುಲಭಕ್ಕೆ ಸಿಗಲ್ಲ. ಶ್ರೀಕಂಠನಿಗೆ ಅದರದ್ದೇ ಅಹಂಕಾರ." ಚಂದ್ರಮೋಹನ್ ಎದ್ದು ಶೆಲ್ಫಿನಿಂದ ಒಂದು ಮಿರುಗುವ ಪುಸ್ತಕ ಎಳೆದು ಅವಳ ಮುಂದೆ ಬಿಸಾಕಿದರು. "ನೋಡಿ. ಮೆಲ್ಬರ್ನ್ ಕನ್ನಡದವರ ದೀಪಾವಳಿ ಸಂಚಿಕೆ. ಮುಖಪುಟದ ಒಳಗೆ ಪೂರ್ತಿ ಪೇಜು ಅವನ ನಾಣ್ಯ. ನಮ್ಮ ಸಂಘಕ್ಕೆ ಒಂದು ಫೋಟೋ ಕಳ್ಸಪ್ಪ ಅಂದ್ರೆ ಟೈಮಿಲ್ಲ ಅವನಿಗೆ."

ಪದ್ಮಿನಿ ಪುಟ ತೆರೆದಳು. ಅಂಗೈಯಗಲ ಮೇರಿ ಮಾತೆ. ಒಳ್ಳೆಯ ಕ್ಯಾಮೆರಾದ ಕೆಲಸ, ಮುಸುಕಿನ ಮಡಿಕೆಗಳನ್ನೂ ಎಣಿಸಬಹುದಿತ್ತು.

ಗಲ್ಲದ ಕೆಳಗೆ ಒಂದು ಪುಟ್ಟ ಗುಂಡನೆಯ ಗುಳಿ ಇತ್ತು.

ಅವಳು ಭೂತಗನ್ನಡಿ ಎತ್ತಿಕೊಂಡು ಮೇಜಿನ ಮೇಲಿನ ನಕಲಿ ನಾಣ್ಯದ ಮೇಲೆ ಬಾಗಿದಳು. ಗಲ್ಲದ ಕೆಳಗೆ ಅದೇ ಜಾಗದಲ್ಲಿ ಅದೇ ಗುಳಿ.

"ಸರ್, ಇದೇನು?"

"ಗಾಳಿಗುಳ್ಳೆ. ಕರಗಿಸಿದ ತಾಮ್ರವನ್ನ ಅಚ್ಚಿಗೆ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡ್ರೆ ಆಗೋದು. ಅಸಲಿ ನಾಣ್ಯಕ್ಕೆ ಮುದ್ರೆ ಒತ್ತಿರ್ತಾರೆ, ಹೊಯ್ದಿರಲ್ಲ. ಅದರಲ್ಲಿ ಇದು ಬರೋ ಹಾಗೇ ಇಲ್ಲ." ಮಾತು ಮುಗಿಸುವಷ್ಟರಲ್ಲಿ ಅವರ ಕಣ್ಣೂ ಪುಟದ ಮೇಲೆ ಬಿತ್ತು. ಬಾಯಿ ಹಾಗೇ ತೆರೆದುಕೊಂಡಿತು.

"ಅಪೂರ್ವ ಆ ಮನೆಯೊಳಗೆ ಕಾಲಿಟ್ಟಿದ್ದೇ ಫೆಬ್ರವರಿಯಲ್ಲಿ," ಎಂದಳು ಪದ್ಮಿನಿ. "ಇದು ಹೋದ ವರ್ಷದ ದೀಪಾವಳಿ ಸಂಚಿಕೆ. ಇಷ್ಟು ದಿನ ನಿಮ್ಮ ಶೆಲ್ಫಲ್ಲೇ ಬಿದ್ದಿತ್ತಾ ಸರ್ ಇದು?"

"ನಾನು... ಹೊಟ್ಟೆಕಿಚ್ಚಿಗೆ ಸರಿಯಾಗಿ ನೋಡಲೇ ಇಲ್ಲಮ್ಮ."

"ಮೊದಲಿಂದಲೂ ಅವರ ಹತ್ರ ಇದ್ದಿದ್ದೇ ನಕಲಿ ಆಗಿರಬಹುದಲ್ಲ?"

"ಇಲ್ಲ. ನಾನೇ ಹಿಂದೆ ಅವನ ಮನೆಗೆ ಹೋದಾಗ ಫೋಟೋ ತೆಗೆದಿದ್ದೆ." ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಎರಡು ಸಲ ತಪ್ಪು ಫೋಲ್ಡರ್ ತೆರೆದು ತಮ್ಮನ್ನೇ ಬೈದುಕೊಂಡರು. ಕೊನೆಗೆ ಚಿತ್ರ ಬಂತು. ಅದೇ ನಾಣ್ಯ, ಅದೇ ಸವೆತ. ಗಲ್ಲದ ಕೆಳಗೆ ಮಾತ್ರ ನುಣುಪು.

ಅಂದರೆ ಕಳ್ಳತನ ನಡೆದದ್ದು ಸಿಡ್ನಿಯ ದಾರಿಯಲ್ಲಲ್ಲ. ಗ್ಲೆನ್ ವೇವರ್ಲಿಯ ಆ ಮನೆಯಲ್ಲಿ, ಡಾಕ್ಟರ ಕಣ್ಣೆದುರಿನಲ್ಲಿ.

ವಾರಗಟ್ಟಲೆ ಅವಳು ವಿಮಾನದ ಲಗೇಜು, ಹೋಟೆಲಿನ ಬೀಗ, ಪ್ರದರ್ಶನದ ಕ್ಯಾಮೆರಾಗಳ ಹಿಂದೆ ಓಡಿದ್ದಳು. ಅಷ್ಟೂ ವ್ಯರ್ಥ.

* * *

ಮರುದಿನ ಮೆಲ್ಬರ್ನ್ ವಿಮಾನ ತಡವಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ "ಹುಡುಗಿ ಒಪ್ಪಿಕೊಂಡಳಾ?" ಎಂದು ಕೇಳಿ, ಇಲ್ಲ ಎಂದ ಕೂಡಲೇ ಇಟ್ಟುಬಿಟ್ಟರು. ಅಪೂರ್ವ ಮಾತ್ರ ಬೆಳಗಿನಿಂದ ಬಿಡದೆ ಕರೆ ಮಾಡುತ್ತಿದ್ದಳು.

"ಆಂಟಿ, ಏನರ ಆತೇನ್ರಿ?" ಹುಬ್ಬಳ್ಳಿಯ ದನಿ ಬತ್ತಿಹೋಗಿತ್ತು. ಓದಲು ಬಂದು ಗ್ಯಾಲರಿಯೊಂದರಲ್ಲಿ ಕೆಲಸ ಹಿಡಿದವಳು. ಹಳೆಯ ವಸ್ತುಗಳನ್ನು ಜೋಪಾನವಾಗಿ ಊರಿಂದೂರಿಗೆ ಸಾಗಿಸುವುದು ಅವಳ ಕೆಲಸ. ಇಲ್ಲೇ ಕಾಯಂ ನೆಲೆಸಲು ಹಾಕಿದ ಪಿಆರ್ ಅರ್ಜಿ ಆ ಕೆಲಸದ ಮೇಲೇ ನಿಂತಿತ್ತು. ಈಗ ಕೆಲಸದಿಂದ ಹೊರಗಿಟ್ಟಿದ್ದರು. "ಕ್ರೇಗಿಬರ್ನ್‌ದಾಗ ನಮ್ಮ ಹೌಸ್‌ಮೇಟ್ಸೂ ತಮ್ಮ ರೂಮಿಗೆ ಲಾಕ್ ಹಾಕ್ಕೊಂಡು ಹೋಗಾಕತ್ತಾರ್ರಿ. ನಾ ಏನ್ ಮಾಡೀನಿ ಅಂತ?"

"ಏನೂ ಮಾಡಿಲ್ಲ. ನನಗೆ ಗೊತ್ತು."

"ನಿಮಗ ಗೊತ್ತಾದ್ರ ಸಾಕೇನ್ರಿ ಆಂಟಿ?"



ಮೆಲ್ಬರ್ನಿಗೆ ಬಂದಿಳಿದ ಪದ್ಮಿನಿ ಫ್ಲಿಂಡರ್ಸ್ ಸ್ಟ್ರೀಟಿನಲ್ಲಿ ರೈಲು ಹಿಡಿದು ಕೊನೆಯ ಸ್ಟೇಷನ್ನಿನವರೆಗೂ ಕೂತಳು. ಡಾಕ್ಟರ ಮನೆ ಅಲ್ಲಿಂದ ಹತ್ತಿರ. ಗರಾಜಿನ ಮುಂದೆ ನಿಂತಿದ್ದ ಕಾರಿನ ಮೇಲೆ ಒಣಗಿದ ಎಲೆಗಳು ದಪ್ಪಗೆ ಕೂತಿದ್ದವು.

ಬಾಗಿಲು ತೆಗೆದವರು ಶಾಲಿನಿ, ಡಾಕ್ಟರ ಹೆಂಡತಿ. ಯಾವಾಗಲೂ ಇಸ್ತ್ರಿ ಮಾಡಿದ ಕಾಟನ್ ಸೀರೆ, ಸಣ್ಣ ದನಿ. "ಬನ್ನಿ ಪದ್ಮಿನಿ. ಅವರು ಇವತ್ತು ಸ್ವಲ್ಪ ರೇಗ್ತಾ ಇದ್ದಾರೆ."

"ನಾನೂ ರೇಗ್ತಾ ಇದ್ದೀನಿ ಆಂಟಿ."

ಡೈನಿಂಗ್ ಟೇಬಲ್ಲಿನ ಮೇಲೆ ನೀಲಿ ಮಖಮಲ್ಲಿನ ಟ್ರೇ ತೆರೆದಿತ್ತು. ಸಾಲಾಗಿ ಮದೊನ್ನೀನಾಗಳು, ಒಂದೊಂದಕ್ಕೂ ಒಂದೊಂದು ಗುಳಿ. ಫೆರ್ಮೊ, ಫೊಲಿನ್ಯೊ, ಗುಬ್ಬಿಯೊ, ಪೆರೂಜಾ, ವಿತೆರ್ಬೊ, ತಿವೊಲಿ. ಮತೇಲಿಕಾದ ಜಾಗ ಮಾತ್ರ ಖಾಲಿ. ಡಾಕ್ಟರ್ ಶ್ರೀಕಂಠಯ್ಯ ನೆಟ್ಟಗೆ ಕೂತಿದ್ದರು. ಅರಿವಳಿಕೆ ಡಾಕ್ಟರಾಗಿ ಅರ್ಧ ಆಯಸ್ಸು ಕಳೆದವರು. ಬೇರೆಯವರು ಸುಮ್ಮನಿರಬೇಕೆಂದು ಬಯಸುವ ಅಭ್ಯಾಸ ಮನೆಯಲ್ಲೂ ಉಳಿದಿತ್ತು.

"ಪೊಲೀಸಿನವರು ಫೋನ್ ಎತ್ತಲ್ಲ, ನೀವು ಬಂದ್ರೆ ಏನೂ ತರಲ್ಲ," ಎಂದರು. "ಒಂದು ಹುಡುಗಿಯ ಹತ್ರ ಬಾಯಿ ಬಿಡಿಸೋಕೆ ಆಗಲ್ವಾ?"

"ನಾಣ್ಯ ದೀಪಾವಳಿಗೆ ಮುಂಚೆಯೇ ಬದಲಾಗಿತ್ತು ಡಾಕ್ಟ್ರೇ."

"ನಾನ್ಸೆನ್ಸ್! ನಾನು ದಿನಾ ನೋಡ್ತೀನಿ ಅದನ್ನ. ಬದಲಾಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ಯಾರು ಹೇಳಿದ್ದು, ಚಂದ್ರಮೋಹನನಾ?"

ಅದೇ ಪ್ರಶ್ನೆ ಪದ್ಮಿನಿಯನ್ನೂ ವಿಮಾನದುದ್ದಕ್ಕೂ ಕಾಡಿತ್ತು. ಮುದ್ರೆ ಒತ್ತಿದ ಸುತ್ತಿಗೆಯ ಪೆಟ್ಟು ಒಂದು ಕೂದಲೆಳೆ ಪಕ್ಕಕ್ಕೆ ಬಿದ್ದದ್ದನ್ನೂ ಗುರುತಿಸುತ್ತಿದ್ದ ಮನುಷ್ಯ ಇಷ್ಟು ತಿಂಗಳು ಗಾಳಿಗುಳ್ಳೆಯನ್ನು ಹೇಗೆ ಕಾಣಲಿಲ್ಲ?

ಹಾಲ್‌ನಲ್ಲಿ ಲ್ಯಾಂಡ್‌ಲೈನ್ ರಿಂಗಾಯಿತು. ಡಾಕ್ಟರ್ ಎದ್ದು ಹೋದರು. ಹೋಗುವಾಗ ಬೆರಳುಗಳು ಕುರ್ಚಿಯ ಬೆನ್ನು, ಗೋಡೆಯ ಅಂಚು, ಬಾಗಿಲ ಚೌಕಟ್ಟನ್ನು ಒಂದೊಂದಾಗಿ ಸವರಿಕೊಂಡು ಹೋದವು.

ಪದ್ಮಿನಿ ಟ್ರೇಯ ಕಡೆ ತಿರುಗಿದಳು. ಮಾಡಬಾರದು ಅನ್ನಿಸಿತು. ಆದರೂ ಕೈ ಮುಂದೆ ಹೋಯಿತು. ಫೆರ್ಮೊ ಇದ್ದ ಗುಳಿಯಲ್ಲಿ ಫೊಲಿನ್ಯೊ ಇಟ್ಟಳು, ಫೊಲಿನ್ಯೊದ ಜಾಗದಲ್ಲಿ ಫೆರ್ಮೊ.

ಡಾಕ್ಟರ್ ಬಂದು ಕೂತರು. "ಸೋಲಾರ್ ಪ್ಯಾನಲ್ ಮಾರೋರು. ಈ ಊರಲ್ಲಿ ಫೋನ್ ಮಾಡೋರು ಅವರೊಬ್ರೇ."

"ಡಾಕ್ಟ್ರೇ, ಇದರಲ್ಲಿ ಒಂದನ್ನ ನನಗೆ ಓದಿ ಹೇಳ್ತೀರಾ? ಊರಿನ ಹೆಸರು ಎಲ್ಲಿರುತ್ತೆ ಅಂತ."

ಅವರ ಮುಖ ಸ್ವಲ್ಪ ಸಡಿಲಾಯಿತು. ಕಲಿಸಲು ಅವರಿಗೆ ಇಷ್ಟ. ಮೊದಲ ಗುಳಿಯಿಂದ ನಾಣ್ಯ ಎತ್ತಿ, ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ನೋಡಿ, ಬಯೋಕ್ಕಿ ಚಿಂಕ್ವೆ. ಚಿಂಕ್ವೆ ಅಂದ್ರೆ ಐದು. ಅದರ ಕೆಳಗೆ ಊರು. ಎಫ್, ಇ, ಆರ್, ಎಂ, ಓ. ಫೆರ್ಮೊ. ಸಮುದ್ರದ ಹತ್ತಿರದ ಗುಡ್ಡದ ಊರು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಏನಾಯ್ತು?" ಎಂದರು ಡಾಕ್ಟರ್.

"ಅದು ಫೊಲಿನ್ಯೊ ಡಾಕ್ಟ್ರೇ. ನೀವು ಫೋನಿಗೆ ಹೋದಾಗ ನಾನು ಅದಲುಬದಲು ಮಾಡಿದೆ. ಕ್ಷಮಿಸಿ."

ಭೂತಗನ್ನಡಿ ಮೇಜಿಗೆ ಬಡಿಯಿತು. ಅವರು ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜಿದರು, ಮತ್ತೆ ಉಜ್ಜಿದರು. ಸವೆದ ಅಕ್ಷರಗಳು ಬೆರಳಿಗೆ ಏನೂ ಹೇಳಲಿಲ್ಲ.

"ಎಷ್ಟು ಕಾಣುತ್ತೆ?" ಮೆಲ್ಲಗೆ ಕೇಳಿದಳು.

"ಅಂಚು ಕಾಣುತ್ತೆ." ಅವರು ಮುಖವನ್ನು ಅವಳತ್ತ ತಿರುಗಿಸಿದರು. "ನಡುವೆ ಕಪ್ಪು. ನಿಮ್ಮ ಕಿವಿ ಕಾಣ್ತಾ ಇದೆ, ಮುಖ ಇಲ್ಲ. ಕಣ್ಣಿಗೆ ಇಂಜೆಕ್ಷನ್ ಹಾಕಿದ್ರು, ಏನೂ ಆಗಲಿಲ್ಲ. ನಾಣ್ಯದವರ ಮಧ್ಯೆ ಕಣ್ಣಿಲ್ಲದವನು ಅಂತ ಹೇಗೆ ಹೇಳಲಿ? ಪ್ರತಿಯೊಂದೂ ಎಲ್ಲಿದೆ ಅಂತ ಗೊತ್ತು. ಅಷ್ಟು ಸಾಕಾಗಿತ್ತು." ತಟ್ಟನೆ ದನಿ ಏರಿತು. "ಹಾಗಾದ್ರೆ ಯಾರು? ನನ್ನ ಮನೆಯಲ್ಲಿ, ನನ್ನ ಬೀರುವಿಂದ, ಯಾರು?"

"ನಿಮಗೆ ಕಣ್ಣು ಕಾಣಲ್ಲ ಅಂತ ಯಾರಿಗೆ ಗೊತ್ತಿತ್ತು?"

ಡಾಕ್ಟರ್ ಅಡುಗೆಮನೆಯ ಕಡೆ ತಿರುಗಿದರು. ಶಾಲಿನಿ ಬಾಗಿಲಲ್ಲಿ ನಿಂತಿದ್ದರು, ಸೆರಗಿನಲ್ಲಿ ಕೈ ಒರೆಸುತ್ತಾ.

"ನಾನೇ ಕೊಟ್ಟೆ," ಎಂದರು.

"ಕೊಟ್ಟೆ? ಯಾರಿಗೆ ಕೊಟ್ಟೆ?"

"ಅದು ಯಾರದ್ದೋ ಅವರಿಗೆ." ಶಾಲಿನಿ ಗಂಡನ ಎದುರಿನ ಕುರ್ಚಿ ಎಳೆದುಕೊಂಡು ಪದ್ಮಿನಿಯತ್ತ ತಿರುಗಿ ಮಾತಾಡಿದರು. "ಇವರಿಗೆ ಅಸುಂತಾ ಅಂತ ಒಬ್ಬ ಇಟಾಲಿಯನ್ ಪೇಷೆಂಟ್ ಇದ್ರು. ಮತೇಲಿಕಾದವರು. ಗಂಡ ಹಡಗಿನಲ್ಲಿ ಬರುವಾಗ ಊರಿನ ನೆನಪಿಗೆ ಅಂತ ತಂದಿದ್ದ ನಾಣ್ಯ ಅದು. ಇವರು ಈ ಹುಚ್ಚಿಗೆ ಬಿದ್ದಿದ್ದೇ ಅದನ್ನ ನೋಡಿದ ಮೇಲೆ. ಆಕೆ ಕೊಟ್ಟಿದ್ದು ಏನು ಬರೆದಿದೆ ಓದಿ ಹೇಳಿ ಅಂತ. ಅಷ್ಟರಲ್ಲಿ ತೀರಿಕೊಂಡ್ರು. ಇವರು ಇಟ್ಕೊಂಡ್ರು."

"ಸುಳ್ಳು! ನನಗೆ ಕೊಟ್ಟಳು. ಉಡುಗೊರೆ!"

"ಹಾಗಂತ ಎಲ್ಲರಿಗೂ ಹೇಳಿದ್ರಿ. ನಾನೂ ನಂಬಿದ್ದೆ. ಹೋದ ಚಳಿಗಾಲದಲ್ಲಿ ಒಬ್ಬಳು ಬಂದಳು. ಕೆಂಚು ಕೂದಲು, ಲೂಚಿಯಾ ಅಂತ ಹೆಸರು, ಅಸುಂತಾ ಮೊಮ್ಮಗಳಂತೆ. ನೀವು ಮಲಗಿದ್ರಿ. ಅಜ್ಜಿಯ ಫೋಟೋ ತೋರಿಸಿ ಅತ್ತಳು. ಡಾಕ್ಟರ ಮರ್ಯಾದೆ ತೆಗೆಯೋದು ಬೇಡ, ನಾನೇ ಇದರ ಹಾಗೇ ಒಂದು ಮಾಡಿಸಿ ಕೊಡ್ತೀನಿ, ಅದನ್ನ ಇಟ್ಬಿಡಿ ಅಂದಳು. ಇಟ್ಟೆ."

ಡಾಕ್ಟರ್ ನಕ್ಕರು. ಕೇಳಲಾಗದ ನಗು. "ಕುರುಡನಿಗೆ ಗೊತ್ತಾಗಲ್ಲ ಅಂತ ತಾನೇ?"

ಶಾಲಿನಿ ತಲೆ ತಗ್ಗಿಸಿದರು.

ಪದ್ಮಿನಿಯ ಸಿಟ್ಟು ಈಗ ಬೇರೆ ಕಡೆ ತಿರುಗಿತ್ತು. "ಆಂಟಿ, ನೀವಿಬ್ರೂ ಆಮೇಲೆ ಜಗಳ ಆಡಿ. ಆ ಹುಡುಗಿ ಕೆಲಸ ಹೋಗಿದೆ. ಪಿಆರ್ ಹೋಗ್ತಾ ಇದೆ. ಅವಳು ಈ ಮನೆಯಲ್ಲಿ ನಿಮ್ಮ ಕೈಯಿಂದ ಕಾಫಿ ಕುಡಿದು ಟ್ರೇ ತಗೊಂಡು ಹೋಗಿದ್ದು. ನೀವು ಬಾಯಿ ಬಿಡಲಿಲ್ಲ."

"ದಿನಾ ಹೇಳ್ಬೇಕು ಅಂದ್ಕೊಳ್ತಿದ್ದೆ."

"ಈಗ ಹೇಳಿ. ಗ್ಯಾಲರಿಯ ನಂಬರ್ ನಾನು ಕೊಡ್ತೀನಿ. ನನ್ನ ಎದುರಿಗೇ."

ಶಾಲಿನಿ ಫೋನ್ ತೆಗೆದುಕೊಂಡರು. ಅವರ ಇಂಗ್ಲಿಷ್ ನಡುನಡುವೆ ಮುರಿಯಿತು, ಆದರೆ ಹೇಳಬೇಕಾದದ್ದು ಹೇಳಿದರು. ಆ ಹುಡುಗಿ ತೆಗೆದಿಲ್ಲ. ನಾಣ್ಯ ಅವಳು ಬರುವ ಮೊದಲೇ ಮನೆಯಲ್ಲಿರಲಿಲ್ಲ. ತೆಗೆದದ್ದು ನಾನು. ಆ ಕಡೆಯವರು ಎರಡು ಸಲ ಹೆಸರು ಕೇಳಿದರು, ಎರಡು ಸಲವೂ ಹೇಳಿದರು.

ಫೋನ್ ಇಟ್ಟ ಮೇಲೆ ಒಳಗೆ ಹೋಗಿ ಒಂದು ಫೋಟೋ ತಂದುಕೊಟ್ಟರು. ಮರದ ಕೆಳಗೆ ಕೂತ ಮುದುಕಿ, ಮಡಿಲಲ್ಲಿ ಅಂಜೂರದ ಬುಟ್ಟಿ. "ಲೂಚಿಯಾ ಬಿಟ್ಟುಹೋಗಿದ್ದು. ಅವಳ ಫೋನ್ ಈಗ ನಡೆಯಲ್ಲ. ಆದರೆ ಅಸುಂತಾ ಮನೆ ಪ್ರೆಸ್ಟನ್‌ನಲ್ಲಿ. ಸಾವಿಗೆ ಹೋಗಿದ್ವಿ, ಬೀದಿ ನೆನಪಿದೆ."

ಪದ್ಮಿನಿ ಹೊರಡುವಾಗ ಡಾಕ್ಟರ್ ಇನ್ನೂ ಫೊಲಿನ್ಯೊ ನಾಣ್ಯವನ್ನು ಹೆಬ್ಬೆರಳಿನಡಿ ತಿಕ್ಕುತ್ತಲೇ ಇದ್ದರು. ಹೆಂಡತಿಯ ಕಡೆಗೆ ಮುಖ ತಿರುಗಿಸಲಿಲ್ಲ.

* * *

ಪ್ರೆಸ್ಟನ್‌ಗೆ ಟ್ಯಾಕ್ಸಿ ಮಾಡಿದಳು. ಹೆದ್ದಾರಿಯಲ್ಲಿ ರಿಪೇರಿ, ವಾಹನಗಳು ಇರುವೆಯಂತೆ ತೆವಳುತ್ತಿದ್ದವು. ಕೇಸು ಮುಗಿದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ನಾಣ್ಯ ಮೊಮ್ಮಗಳ ಹತ್ತಿರ ಇದೆಯೆಂದು ಕಣ್ಣಾರೆ ಕಂಡು ಸಿಡ್ನಿಗೆ ವಾಪಸ್ಸಾದರೆ ಆಯಿತು. ಆದರೂ ಮನಸ್ಸು ನೆಮ್ಮದಿಯಾಗಿರಲಿಲ್ಲ.

ಕೆಂಪು ಇಟ್ಟಿಗೆಯ ಮನೆಯ ಗೇಟಿನ ಮುಂದೆ ಇಳಿಯುವಾಗಲೇ ಅಪೂರ್ವಳ ಫೋನು.

"ಗ್ಯಾಲರಿಯಿಂದ ಫೋನ್ ಬಂದಿತ್ರಿ ಆಂಟಿ. ಮುಂದಿನ ವಾರದಿಂದ ಬಾ ಅಂದ್ರು."

"ಒಳ್ಳೇದಾಯ್ತಲ್ಲ!"

"ಒಂದು ಸಾರಿ ಸುದ್ದಾ ಅನ್ನಲಿಲ್ರಿ. ಏನೂ ಆಗೇ ಇಲ್ಲ ಅನ್ನೂವಂಗ ಮಾತಾಡಿದ್ರು." ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅಂಥಲ್ಲಿ ಮತ್ತ ಹೆಂಗ ಹೋಗ್ಲಿ?"

"ಹೋಗು. ಪಿಆರ್ ಕೈಗೆ ಬರೋವರೆಗೂ ಹೋಗು. ಆಮೇಲೆ ಬಾಗಿಲು ಬಡಿದು ಹೊರಗೆ ಬಾ. ನಾನು ಸಂಜೆ ಮಾತಾಡ್ತೀನಿ, ಇಡಲಾ?"

ತಲೆ ಎತ್ತಿದರೆ ವರಾಂಡದಲ್ಲಿ ಒಬ್ಬ ಮುದುಕ ನಿಂತು ಅವಳ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದ. ಎತ್ತರದ ಆಳು, ಕೈಯಲ್ಲಿ ಟೊಮೇಟೊ ಗಿಡಕ್ಕೆ ಕಟ್ಟುವ ದಾರ. ಹೆಸರು ಡೊಮೆನಿಕೊ, ಅಸುಂತಾಳ ಮಗ. ಇಟಾಲಿಯನ್ ಎಳೆತದ ಇಂಗ್ಲಿಷಿನಲ್ಲಿ ಏನು ಬೇಕು ಎಂದು ಕೇಳಿದ.

"ಲೂಚಿಯಾಳನ್ನ ನೋಡಬೇಕಿತ್ತು. ನಿಮ್ಮ ಮಗಳಾ?"

"ಯಾವ ಲೂಚಿಯಾ? ನಾನು ಮದುವೆಯೇ ಆಗಲಿಲ್ಲ."

"ನಿಮ್ಮ ಅಣ್ಣನ ಮಗಳೋ, ತಂಗಿಯ ಮಗಳೋ..."

"ಅಮ್ಮನಿಗೆ ನಾನೊಬ್ಬನೇ." ಅವನು ದಾರವನ್ನು ಕೈಗೆ ಸುತ್ತಿಕೊಂಡ. "ಯಾರು ನೀವು?"

ಪದ್ಮಿನಿ ಗೇಟು ಹಿಡಿದುಕೊಂಡೇ ವಿಷಯ ಹೇಳಿದಳು. ನಾಣ್ಯದ ಮಾತು ಬಂದ ಕೂಡಲೇ ಡೊಮೆನಿಕೊನ ಹುಬ್ಬು ಗಂಟಿಕ್ಕಿತು.

"ಓದಿ ಹೇಳೋಕೆ ಕೊಟ್ಟಿದ್ದಾ? ಯಾರು ಹೇಳಿದ್ದು? ಅಮ್ಮ ಅದನ್ನ ಡಾಕ್ಟರಿಗೆ ಕೊಟ್ಟುಬಿಟ್ಟಳು. ಆಸ್ಪತ್ರೆಯ ಹಾಸಿಗೆ ಪಕ್ಕ ನಾನೇ ಇದ್ದೆ. ನಮ್ಮೂರಿನ ಹೆಸರು ಓದಿದ ಮೊದಲ ಮನುಷ್ಯ ನೀನು, ನೀನೇ ಇಟ್ಟುಕೋ ಅಂದಳು. ಡಾಕ್ಟರ್ ಬೇಡ ಅಂದ್ರು. ಅಮ್ಮ ಬೈದು ಜೇಬಿಗೆ ಹಾಕಿದಳು."

ಮೂರು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಪದ್ಮಿನಿ ಚೀಲದಿಂದ ಫೋಟೋ ತೆಗೆದು ಕೊಟ್ಟಳು.

"ಇದು ನಿಮಗೆ ಹೇಗೆ ಬಂತು?" ಎಂದ ಡೊಮೆನಿಕೊ. "ಇದು ನನ್ನದು. ಹೋದ ವರ್ಷ ಒಬ್ಬಳು ಬಂದು ಕೇಳಿ ತಗೊಂಡು ಹೋದಳು. ಆಸ್ಪತ್ರೆಯವಳು, ಹಳೇ ಪೇಷೆಂಟುಗಳ ಫೋಟೋ ಗೋಡೆಗೆ ಹಾಕ್ತೀವಿ ಅಂದಳು. ವಾಪಸ್ ಕೊಡಲೇ ಇಲ್ಲ."

"ಕೆಂಚು ಕೂದಲಿನವಳಾ? ಇಟಾಲಿಯನ್?"

"ಇಲ್ಲಪ್ಪ. ಇಂಡಿಯನ್ ಹುಡುಗಿ. ನಿಮ್ಮ ಥರ." ಅವನು ಅವಳ ಫೋನಿನ ಕಡೆ ಬೆರಳು ತೋರಿಸಿದ. "ಈಗ ನೀವು ಮಾತಾಡಿದ್ರಲ್ಲ, ಅದೇ ಭಾಷೆ. ಅಂಗಳದಲ್ಲಿ ನಿಂತು ಯಾರಿಗೋ ಫೋನ್ ಮಾಡಿದಳು. ಅದರಲ್ಲಿ ಒಂದು ಪದ ನನಗೆ ಚೆನ್ನಾಗಿ ನೆನಪಿದೆ. ಅತ್ತೆ, ಅತ್ತೆ ಅಂತಿದ್ದಳು."

"ಅತ್ತೆ?"

"ನಮ್ಮ ಭಾಷೆಯಲ್ಲಿ ಹಾಗಂದ್ರೆ 'ನಿನಗೆ' ಅಂತ. ನಿನಗೆ, ನಿನಗೆ ಅಂತ ಯಾರಿಗೆ ಇಷ್ಟೊಂದು ಕೊಡ್ತಾ ಇದ್ದಾಳೆ ಅನ್ನಿಸಿ ನಗು ಬಂದಿತ್ತು. ನಿಮ್ಮಲ್ಲಿ ಏನು ಅರ್ಥ?"

"ಗಂಡನ ತಾಯಿ," ಎಂದಳು ಪದ್ಮಿನಿ. ಕೆಂಚು ಕೂದಲಿನ ಮೊಮ್ಮಗಳು ಇರಲೇ ಇಲ್ಲ, ಶಾಲಿನಿ ಕಥೆ ಕಟ್ಟಿ ತನ್ನನ್ನು ಇಲ್ಲಿಗೆ ಕಳಿಸಿದ್ದರು. ಇದ್ದವಳು ಕನ್ನಡದ ಹುಡುಗಿ. ಆ ಹುಡುಗಿ ಯಾರನ್ನೋ ಅತ್ತೆ ಎಂದು ಕರೆಯುತ್ತಾಳೆ. ಇಷ್ಟು ವಾರ ಪದ್ಮಿನಿ ಡಾಕ್ಟರ ಮನೆಗೆ ಹೋಗಿ ಬಂದಿದ್ದಳು, ಪೋಪನ ಊರುಗಳ ಹೆಸರೆಲ್ಲ ಬಾಯಿಪಾಠವಾಗಿತ್ತು. ಮಕ್ಕಳೆಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಡಾಕ್ಟರ ಲ್ಯಾಂಡ್‌ಲೈನಿಗೆ ಕರೆ ಮಾಡಿದಳು. ಬಹಳ ಹೊತ್ತು ರಿಂಗಾಯಿತು.

"ಹಲೋ."

"ಡಾಕ್ಟ್ರೇ, ಪದ್ಮಿನಿ. ನಿಮಗೆ ಸೊಸೆ ಇದ್ದಾಳಾ?"

"ಇದ್ದಾಳಲ್ಲ, ಶೀತಲ." ದನಿ ದಣಿದಿತ್ತು. "ನೀವು ಹೋದ ಮೇಲೆ ಬಂದಳು. ಶಾಲಿನಿಯೇ ಫೋನ್ ಮಾಡಿ ಕರೆಸಿಕೊಂಡಳು. ಇಬ್ಬರೂ ಈಗ ತಾನೇ ಕಾರಲ್ಲಿ ಹೋದರು."

"ಎಲ್ಲಿಗೆ?"

"ಹೇಳಲಿಲ್ಲ. ನಾನೂ ಕೇಳಲಿಲ್ಲ." ಅವರು ತಡವರಿಸಿದರು. ಫೋನಿನ ಆ ತುದಿಯಲ್ಲಿ ಮರದ ಮೇಲೆ ಅಂಗೈ ಉಜ್ಜುವ ಸದ್ದು ಕೇಳಿಸಿತು, ಮೊದಲು ನಿಧಾನವಾಗಿ, ಆಮೇಲೆ ಅವಸರವಾಗಿ. "ಪದ್ಮಿನಿ, ಟ್ರೇ ಇಲ್ಲೇ ಇತ್ತು. ನನ್ನ ಎದುರಿಗೇ ಇತ್ತು. ಮೇಜಿನ ಈ ತುದಿಯಿಂದ ಆ ತುದಿಯವರೆಗೂ ಕೈಯಾಡಿಸ್ತಾ ಇದ್ದೀನಿ... ಮೇಜು ಖಾಲಿ ಇದೆ."